ತಾನೂ ಮಾರ, ಹಂಚಲೂ ಬಿಡ

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒಂದು ದೊಡ್ಡ ಮೊಕದ್ದಮೆ ಸದ್ದಿಲ್ಲದೆ ಮುಗಿಯಿತು. ಒಂದು ಕಡೆ ಯೂನಿವರ್ಸಲ್, ಸೋನಿ, ಕ್ಯಾಪಿಟಲ್, ಕಾನ್‌ಕಾರ್ಡ್‌ನಂಥ ಧ್ವನಿಮುದ್ರಣ ಕಂಪನಿಗಳು, ಇನ್ನೊಂದು ಕಡೆ ಸ್ಯಾನ್ ಫ್ರಾನ್ಸಿಸ್ಕೊದ ಲಾಭರಹಿತ ಸಂಸ್ಥೆ ಇಂಟರ್‌ನೆಟ್ ಆರ್ಕೈವ್. ಆರ್ಕೈವ್ ಮಾಡಿದ ಅಪರಾಧವೆಂದರೆ, 78 ಸುತ್ತಿನ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಸಂಗ್ರಾಹಕರಿಂದಲೂ ಗ್ರಂಥಾಲಯಗಳಿಂದಲೂ ಪಡೆದು, ಸೂಜಿ ಇಟ್ಟು ನುಡಿಸಿ, ಕರಕರ ಸದ್ದಿನ ಸಮೇತ ಕಂಪ್ಯೂಟರಿಗೆ ಇಳಿಸಿ, ಯಾರು ಬೇಕಾದರೂ ಪುಕ್ಕಟೆ ಕೇಳಿ ಎಂದು ಇಟ್ಟದ್ದು. 2023ರ ಆಗಸ್ಟಿನಲ್ಲಿ ದಾವೆ ಹೂಡಿದಾಗ ಕಂಪನಿಗಳ ಪಟ್ಟಿಯಲ್ಲಿ 2,749 ಧ್ವನಿಮುದ್ರಣಗಳಿದ್ದವು. ಒಂದೊಂದಕ್ಕೆ ಕಾನೂನು ಒಪ್ಪುವ ಗರಿಷ್ಠ ಪರಿಹಾರ 1,50,000 ಡಾಲರ್. ಗುಣಿಸಿದರೆ 41 ಕೋಟಿ ಡಾಲರ್ ದಾಟುತ್ತಿತ್ತು. ಆಮೇಲೆ ಪಟ್ಟಿ ಬೆಳೆಯಿತು, ಮೊತ್ತ 69 ಕೋಟಿ ಡಾಲರ್ ಮುಟ್ಟಿತು. ಕೊನೆಗೆ ರಾಜಿ. ಷರತ್ತುಗಳು ಗುಟ್ಟು.

ಕಂಪನಿಗಳ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಬಿಂಗ್ ಕ್ರಾಸ್ಬಿಯ ‘ವೈಟ್ ಕ್ರಿಸ್‌ಮಸ್’ ಎಲ್ಲ ಕಡೆ ಸಿಗುತ್ತದೆ, ಫ್ರಾಂಕ್ ಸಿನಾತ್ರಾ, ಎಲ್ಲಾ ಫಿಟ್ಜ್‌ಜೆರಾಲ್ಡ್, ಬಿಲ್ಲಿ ಹಾಲಿಡೇ ಎಲ್ಲ ಕಡೆ ಸಿಗುತ್ತಾರೆ, ಹಾಗಿದ್ದ ಮೇಲೆ ಇದನ್ನು ‘ಸಂರಕ್ಷಣೆ’ ಎಂದು ಕರೆಯುವುದೇಕೆ ಎಂದು ಅವು ಕೇಳಿದವು. ಸರಿಯಾದ ಪ್ರಶ್ನೆ. ಆದರೆ ಆರ್ಕೈವ್ ಇಟ್ಟಿದ್ದದ್ದು ನಾಲ್ಕು ಲಕ್ಷಕ್ಕೂ ಹೆಚ್ಚು ಧ್ವನಿಮುದ್ರಣಗಳನ್ನು. ಕಂಪನಿಗಳು ಬೆರಳಿಟ್ಟು ತೋರಿಸಿದ್ದು ಕೆಲವು ಸಾವಿರ. ಮಿಕ್ಕವುಗಳ ಕತೆ ಏನು? ಅವು ಯಾವ ಅಂಗಡಿಯಲ್ಲಿ ಸಿಗುತ್ತವೆ, ಯಾರು ಮಾರುತ್ತಾರೆ? ಆ ಪ್ರಶ್ನೆಗೆ ಉತ್ತರ ಸಿಗದೆಯೇ ಕಡತ ಮುಚ್ಚಿತು.

‘ತಾನೂ ತಿನ್ನ, ಪರರಿಗೂ ಕೊಡ’ ಎಂಬ ಮಾತು ನಮ್ಮಲ್ಲಿ ಜಿಪುಣನನ್ನು ಕುರಿತದ್ದು. ಧ್ವನಿಮುದ್ರಣ ಕಂಪನಿಗಳಿಗೆ ಅದನ್ನು ಅನ್ವಯಿಸಲು ಮೂರೇ ಪದ ಬದಲಿಸಿದರೆ ಸಾಕು. ನನ್ನ ವಾದ ಇಷ್ಟೇ: ಒಂದು ಧ್ವನಿಮುದ್ರಣವನ್ನು ಕೇಳುಗನಿಗೆ ತಲುಪಿಸುವ ಮನಸ್ಸಿಲ್ಲದವನಿಗೆ, ಅದನ್ನು ಇನ್ನೊಬ್ಬ ಕಾಸು ಕೇಳದೆ ತಲುಪಿಸುವಾಗ ತಡೆಯುವ ಹಕ್ಕಿರಬಾರದು. ಮಾರುತ್ತಿದ್ದರೆ ಹಕ್ಕಿರಲಿ. ಬಾಳಿ ಬದುಕುತ್ತಿರುವ ಕಲಾವಿದನ ಹೊಸ ಆಲ್ಬಮ್ಮನ್ನು ಬಿಡುಗಡೆಯಾದ ದಿನವೇ ಎತ್ತಿ ಹಾಕುವವನ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ. ನಾನು ಮಾತಾಡುತ್ತಿರುವುದು ಬೇರೊಂದು ಜಾತಿಯ ಜನರ ಬಗ್ಗೆ.

ರಾಕ್ ಮತ್ತು ಜಾಝ್ ಕೇಳುಗರನ್ನು ಹತ್ತಿರದಿಂದ ಕಂಡವರಿಗೆ ಈ ಜಾತಿ ಗೊತ್ತು. ಒಂದು ಹಾಡು ಮನಸ್ಸಿಗೆ ಹಿಡಿಸಿದರೆ ಒಬ್ಬರೇ ಕೇಳಿಕೊಂಡು ಸುಮ್ಮನಿರಲಾರರು. ನಡುರಾತ್ರಿ ಕೊಂಡಿ ಕಳಿಸುತ್ತಾರೆ. ಜೊತೆಗೆ ಸೂಚನೆ: ಮೂರನೇ ನಿಮಿಷದ ತನಕ ತಾಳು, ಅಲ್ಲಿ ಡ್ರಮ್ಮಿನವನು ಏನು ಮಾಡುತ್ತಾನೆ ನೋಡು. ಇದೇ ಹಾಡಿನ 1972ರ ಕಛೇರಿ ಬೇಕೋ 1974ರದೋ ಎಂದು ಜಗಳವಾಡುತ್ತಾರೆ. ಒಂದೇ ಹಾಡಿನ ಹನ್ನೆರಡು ಬಗೆ ಕೇಳಿ ಹದಿಮೂರನೆಯದನ್ನು ಹುಡುಕಿಕೊಂಡು ಹೋಗುತ್ತಾರೆ. ಹೊರಗಿನವರಿಗೆ ಇದು ಹುಚ್ಚು. ಇರಬಹುದು. ಆದರೆ ಈ ಹುಚ್ಚಿಲ್ಲದಿದ್ದರೆ ಜಾಝ್ ಚರಿತ್ರೆಯ ಕೆಲವು ಅಧ್ಯಾಯಗಳೇ ಇರುತ್ತಿರಲಿಲ್ಲ.

ಬೀಬಾಪ್ ಎಂಬ ಶೈಲಿ ಹುಟ್ಟಿದ ಹೊತ್ತನ್ನೇ ನೋಡಿ. 1940ರ ದಶಕದ ಆರಂಭ, ನ್ಯೂಯಾರ್ಕಿನ ಹಾರ್ಲೆಮ್. ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್ಬಿನಲ್ಲಿ ಕೆಲಸ ಮುಗಿಸಿ ಬಂದ ವಾದಕರು ಬೆಳಗಿನ ಜಾವದವರೆಗೆ ತಮಗಾಗಿಯೇ ನುಡಿಸುತ್ತಿದ್ದರು. ಕಂಪನಿಗಳಿಗೆ ಅತ್ತ ಗಮನವಿರಲಿಲ್ಲ. ಸಾಲದ್ದಕ್ಕೆ, ಸಂಭಾವನೆಯ ವಿವಾದದಲ್ಲಿ ಅಮೆರಿಕದ ವಾದಕರ ಸಂಘವು 1942ರ ಆಗಸ್ಟ್ 1ರಿಂದ ಧ್ವನಿಮುದ್ರಣವನ್ನೇ ಬಹಿಷ್ಕರಿಸಿತು. ಹೊಸ ಸಂಗೀತ ರೂಪ ತಳೆಯುತ್ತಿದ್ದ ಆ ಕಾಲಕ್ಕೆ ಸ್ಟುಡಿಯೊಗಳು ಬಹುಪಾಲು ಕಿವುಡಾಗಿದ್ದವು. ಆದರೆ 1941ರಲ್ಲೇ ಜೆರ್ರಿ ನ್ಯೂಮನ್ ಎಂಬ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಹೊತ್ತೊಯ್ಯಬಹುದಾದ ಡಿಸ್ಕ್ ಯಂತ್ರವೊಂದನ್ನು ಹಿಡಿದು ಮಿಂಟನ್ಸ್‌ನಲ್ಲಿ ಕೂತಿದ್ದ. ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅಲ್ಲಿ ಯಾರ ಹಂಗೂ ಇಲ್ಲದೆ ಉದ್ದುದ್ದ ನುಡಿಸಿದ್ದನ್ನು ಅವನು ಹಿಡಿದಿಟ್ಟ. ಮರುವರ್ಷ ಮಾರ್ಚಿನಲ್ಲಿ ಕ್ರಿಶ್ಚಿಯನ್ ಕ್ಷಯದಿಂದ ತೀರಿಕೊಂಡಾಗ ವಯಸ್ಸು 25. ಬೆನ್ನಿ ಗುಡ್‌ಮನ್ ತಂಡದಲ್ಲಿ ಅವನಿಗೆ ಸಿಗುತ್ತಿದ್ದದ್ದು ಮೂರು ನಿಮಿಷದ ಪ್ಲೇಟಿನಲ್ಲಿ ತುಸು ಜಾಗ ಮಾತ್ರ. ಅವನು ನಿಜಕ್ಕೂ ಎಂಥ ವಾದಕ ಎಂಬುದು ನಮಗೆ ಗೊತ್ತಾದದ್ದು ಆ ವಿದ್ಯಾರ್ಥಿಯ ಹವ್ಯಾಸದಿಂದ.

ಡೀನ್ ಬೆನೆಡೆಟ್ಟಿಯದು ಇನ್ನೂ ಸ್ವಾರಸ್ಯದ ಕತೆ. ತಾನೂ ಸ್ಯಾಕ್ಸೊಫೋನ್ ವಾದಕನಾಗಿದ್ದ ಈತ ಬೀಬಾಪ್ ಕಟ್ಟಿದವರಲ್ಲೊಬ್ಬನಾದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರನ ಭಕ್ತ. 1947–48ರಲ್ಲಿ ಪಾರ್ಕರ್ ನುಡಿಸಿದ ಕ್ಲಬ್ಬುಗಳಲ್ಲಿ ಕೂತು, ಪಾರ್ಕರ್ ಸೋಲೊ ಶುರುಮಾಡಿದ ತಕ್ಷಣ ಯಂತ್ರ ಚಾಲೂ, ಮುಗಿಸಿದ ತಕ್ಷಣ ಬಂದ್. ಪಕ್ಕದಲ್ಲಿ ನುಡಿಸುತ್ತಿದ್ದ ಘಟಾನುಘಟಿಗಳೂ ಈತನಿಗೆ ಬೇಕಿರಲಿಲ್ಲ. (ಇದು ಭಕ್ತಿಯ ಅತಿರೇಕ, ನಾನಾದರೆ ಯಂತ್ರ ಬಂದ್ ಮಾಡುತ್ತಿರಲಿಲ್ಲ.) ಬೆನೆಡೆಟ್ಟಿ 1957ರಲ್ಲಿ ತೀರಿಕೊಂಡ. ಆ ಮುದ್ರಣಗಳು ಇವೆಯೋ ಇಲ್ಲವೋ ಎಂಬುದೇ ದಂತಕತೆಯಾಗಿ ದಶಕಗಳು ಕಳೆದವು. 1990ರಲ್ಲಿ ಮೊಸೈಕ್ ಎಂಬ ಸಣ್ಣ ಸಂಸ್ಥೆ ಅವನ್ನು ಏಳು ಸಿ.ಡಿ.ಗಳಲ್ಲಿ ಹೊರತಂದಿತು.

ಮೂರನೆಯವನು ವಿಲಿಯಂ ಸೇವರಿ. 1930ರ ದಶಕದ ಉತ್ತರಾರ್ಧದಲ್ಲಿ ನ್ಯೂಯಾರ್ಕಿನ ರೇಡಿಯೊ ಪ್ರಸಾರಗಳನ್ನು ತನಗಾಗಿ ಡಿಸ್ಕುಗಳಿಗೆ ಇಳಿಸಿಕೊಂಡಿದ್ದ ಎಂಜಿನಿಯರ್. ಕೌಂಟ್ ಬೇಸಿಯ ತಂಡ, ಲೆಸ್ಟರ್ ಯಂಗ್, ಕೋಲ್ಮನ್ ಹಾಕಿನ್ಸ್ ಎಲ್ಲರೂ ಅದರಲ್ಲಿದ್ದಾರೆ, ಮೂರು ನಿಮಿಷದ ಪ್ಲೇಟಿನ ಇಕ್ಕಟ್ಟಿಲ್ಲದೆ ಮನಸೋ ಇಚ್ಛೆ ನುಡಿಸುತ್ತ. ಹತ್ತಿರ ಹತ್ತಿರ ಸಾವಿರ ಡಿಸ್ಕು. 2010ರಲ್ಲಿ ಹಾರ್ಲೆಮಿನ ರಾಷ್ಟ್ರೀಯ ಜಾಝ್ ಮ್ಯೂಸಿಯಂ ಅವನ್ನು ಕೊಂಡುಕೊಂಡಾಗ ಜಾಝ್ ಲೋಕವೇ ಹಬ್ಬ ಮಾಡಿತು. ಹಬ್ಬದ ಊಟ ಮಾತ್ರ ಬಡಿಸಲಾಗಲಿಲ್ಲ. ಒಂದೊಂದು ಪ್ರಸಾರದಲ್ಲೂ ನುಡಿಸಿದವರು, ಹಾಡು ಬರೆದವರು, ಪ್ರಸಾರ ಮಾಡಿದವರು, ಅವರೆಲ್ಲರ ವಾರಸುದಾರರು ಇದ್ದಾರೆ. ಯಾರನ್ನು ಹುಡುಕಿ ಯಾರ ಸಹಿ ಪಡೆಯಬೇಕು? 2016ರ ನಂತರ ಸ್ವಲ್ಪ ಭಾಗ ಮಾರುಕಟ್ಟೆಗೆ ಬಂತು. ಸಂಗ್ರಹದ ದೊಡ್ಡ ಪಾಲು ಹಾರ್ಲೆಮಿಗೆ ಹೋಗಬಲ್ಲವರ ಕಿವಿಗೆ ಮೀಸಲು.

ಈ ಮೂವರೂ ಇಂದಿನ ಭಾಷೆಯಲ್ಲಿ ಪೈರೇಟುಗಳು. ಯಾವ ಕಂಪನಿಯ ಪರವಾನಗಿಯೂ ಇಲ್ಲದೆ ಮುದ್ರಿಸಿಕೊಂಡವರು.

ಸರಿ, ಕದ್ದು ಮುದ್ರಿಸಿದವರು ಉಳಿಸಿದರು. ಹಕ್ಕುದಾರರು ಏನು ಮಾಡಿದರು? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಟಿಮ್ ಬ್ರೂಕ್ಸ್ ನಡೆಸಿ 2005ರಲ್ಲಿ ಪ್ರಕಟವಾದ ಅಧ್ಯಯನ ಈ ವಿವಾದದಲ್ಲಿ ಮಾತಾಡುವ ಪ್ರತಿಯೊಬ್ಬರೂ ಓದಬೇಕಾದದ್ದು. 1965ಕ್ಕೂ ಹಿಂದಿನ, ಚಾರಿತ್ರಿಕ ಮಹತ್ವದ ಧ್ವನಿಮುದ್ರಣಗಳಲ್ಲಿ ಹಕ್ಕುದಾರರು ಸ್ವತಃ ಮಾರುಕಟ್ಟೆಯಲ್ಲಿ ಇಟ್ಟಿದ್ದದ್ದು ಸರಾಸರಿ ಶೇ 14 ಮಾತ್ರ. ಇತರರು, ಅಂದರೆ ವಿದೇಶಿ ಸಂಸ್ಥೆಗಳು ಮತ್ತು ಸಣ್ಣಪುಟ್ಟ ಮರುಮುದ್ರಕರು ಹೊರತಂದದ್ದು ಶೇ 22. ಹಕ್ಕಿಲ್ಲದವನು ಹಕ್ಕಿದ್ದವನಿಗಿಂತ ಹೆಚ್ಚು ಸಂಗೀತವನ್ನು ಜೀವಂತ ಇಟ್ಟಿದ್ದ ಎಂದಾಯಿತು. ಸ್ಟ್ರೀಮಿಂಗ್ ಬಂದ ಮೇಲೆ ಆ ಅಂಕಿ ಸುಧಾರಿಸಿರಲೇಬೇಕು. ಆದರೆ ನೂರು ವರ್ಷದ ಹಕ್ಕನ್ನು ಕೇಳಿ ಪಡೆದುಕೊಂಡವರ ಜವಾಬ್ದಾರಿಯ ಮಟ್ಟ ಯಾವುದು ಎಂಬುದಕ್ಕೆ ಅದು ಸಾಕ್ಷಿ.

ಇನ್ನೊಂದು ಸಾಕ್ಷಿ ಬೆಂಕಿಯದು. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಬೆಂಕಿ ಬಿತ್ತು. ಅಲ್ಲಿನ ಉಗ್ರಾಣದಲ್ಲಿ ಯೂನಿವರ್ಸಲ್ ಮ್ಯೂಸಿಕ್ ಕಂಪನಿಯ ಮೂಲ ಟೇಪುಗಳಿದ್ದವು. ಅವು ಎಷ್ಟು ಸುಟ್ಟವು ಎಂಬ ಮಾತು ಲೋಕಕ್ಕೆ ತಿಳಿದದ್ದು ಹನ್ನೊಂದು ವರ್ಷ ಕಳೆದ ಮೇಲೆ, 2019ರ ಜೂನಿನಲ್ಲಿ, ನ್ಯೂಯಾರ್ಕ್ ಟೈಮ್ಸ್ ನಿಯತಕಾಲಿಕ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಬಯಲಿಗೆಳೆದಾಗ. ಒಳಗಿನ ಅಂದಾಜು ಐದು ಲಕ್ಷ ಹಾಡುಗಳು. ಕಂಪನಿ ಇದು ಅತಿಶಯೋಕ್ತಿ ಎಂದಿತು. ಕಲಾವಿದರು ಕೋರ್ಟಿಗೆ ಹೋದಾಗ 19 ಕಲಾವಿದರ ಮೂಲಗಳು ನಷ್ಟವಾಗಿವೆ ಇಲ್ಲವೇ ಹಾನಿಗೊಂಡಿವೆ ಎಂದಷ್ಟೇ ಒಪ್ಪಿತು. ಯಾರ ಲೆಕ್ಕ ಸರಿ ಎಂಬುದು ಬೇರೆ ಮಾತು. ತನ್ನ ಹಾಡಿನ ಮೂಲ ಟೇಪು ಇದೆಯೋ ಬೂದಿಯಾಯಿತೋ ಎಂದು ಕಲಾವಿದನಿಗೇ ಹನ್ನೊಂದು ವರ್ಷ ಹೇಳದ ಉದ್ಯಮ, ಹಳೆಯ ಪ್ಲೇಟನ್ನು ಕಂಪ್ಯೂಟರಿಗೆ ಇಳಿಸಿದವನಿಗೆ ಕಲಾವಿದನ ಹಿತದ ಪಾಠ ಹೇಳುತ್ತದೆ!

ಆ ಪ್ಲೇಟುಗಳ ಅರ್ಧ ಜೀವ ನಮ್ಮ ನೆಲದ್ದು ಎಂಬುದನ್ನೂ ಇಲ್ಲೇ ಹೇಳಿಬಿಡಬಹುದು. 78 ಸುತ್ತಿನ ಪ್ಲೇಟಿಗೆ ಬೇಕಾದ ಅರಗು ಹೋಗುತ್ತಿದ್ದದ್ದು ಭಾರತದಿಂದ, ಮುಖ್ಯವಾಗಿ ಛೋಟಾನಾಗಪುರದ ಕಾಡುಗಳಿಂದ. ಎರಡನೇ ಮಹಾಯುದ್ಧದಲ್ಲಿ ಅರಗಿನ ಸಾಗಣೆ ಕಷ್ಟವಾದಾಗ ಅಮೆರಿಕದಲ್ಲಿ ಪ್ಲೇಟುಗಳಿಗೇ ಬರ ಬಂದಿತ್ತು. ಬ್ರಿಟನ್ ಆ ಅಳತೆಯನ್ನು ಕೈಬಿಟ್ಟ ಮೇಲೂ ಕೋಲ್ಕತ್ತದ ದಮ್‌ದಮ್ ಕಾರ್ಖಾನೆಯಲ್ಲಿ 78 ಸುತ್ತಿನ ಪ್ಲೇಟುಗಳು ಅಚ್ಚಾಗುತ್ತಿದ್ದವು, ಬೀಟಲ್ಸ್ ಹಾಡುಗಳೂ ಅದರಲ್ಲಿದ್ದವು. ಇಂದು ಜಗತ್ತಿನ ಬೀಟಲ್ಸ್ ಸಂಗ್ರಾಹಕರು ಅವಕ್ಕಾಗಿ ಕಿತ್ತಾಡುತ್ತಾರೆ.

ಜಾಝ್ ಬಿಟ್ಟು ರಾಕ್ ಕಡೆ ಬರೋಣ. ಗ್ರೇಟ್‌ಫುಲ್ ಡೆಡ್ ತಂಡ ಪ್ರತಿ ಕಛೇರಿಯಲ್ಲೂ ಹಾಡುಗಳ ಸರದಿ ಬದಲಿಸುತ್ತಿತ್ತು, ಒಂದೇ ಹಾಡನ್ನು ಒಂದು ರಾತ್ರಿ ಎಂಟು ನಿಮಿಷ, ಇನ್ನೊಂದು ರಾತ್ರಿ ಇಪ್ಪತ್ತು ನಿಮಿಷ ನುಡಿಸುತ್ತಿತ್ತು. ಅಭಿಮಾನಿಗಳು ಮೈಕು ಹಿಡಿದು ಬರತೊಡಗಿದರು. ತಂಡ ಅವರನ್ನು ಹೊರಗಟ್ಟಲಿಲ್ಲ. 1984ರ ಅಕ್ಟೋಬರಿನಲ್ಲಿ ಬರ್ಕ್‌ಲಿಯ ಕಛೇರಿಗಳಿಂದ ಹಿಡಿದು ‘ಟೇಪರ್’ಗಳಿಗೆಂದೇ ಪ್ರತ್ಯೇಕ ಟಿಕೆಟ್ಟು, ಪ್ರತ್ಯೇಕ ಜಾಗ ಕೊಟ್ಟಿತು. ಕಟ್ಟಳೆ ಒಂದೇ: ಕ್ಯಾಸೆಟ್ಟು ವಿನಿಮಯ ಮಾಡಿಕೊಳ್ಳಿ, ಮಾರಬೇಡಿ. ಖಾಲಿ ಕ್ಯಾಸೆಟ್ಟು ಕಳಿಸಿದರೆ ತುಂಬಿಸಿ ವಾಪಸು ಕಳಿಸುವ ಒಂದು ಇಡೀ ಅಂಚೆ ಸಮಾಜ ಬೆಳೆಯಿತು. ಪುಕ್ಕಟೆ ಹಂಚಿದ್ದರಿಂದ ತಂಡ ದಿವಾಳಿಯಾಯಿತೇ? ಅಮೆರಿಕದಲ್ಲಿ ಕಛೇರಿಗಳಿಂದ ಅತಿ ಹೆಚ್ಚು ಗಳಿಸುವ ತಂಡಗಳ ಸಾಲಿಗೆ ಸೇರಿತು.

ಅದೇ ತಂಡದ ಹೆಸರಿನಲ್ಲಿ 2005ರ ನವೆಂಬರಿನಲ್ಲಿ ಒಂದು ಅಪಚಾರವೂ ನಡೆಯಿತು. ಆ ಹೊತ್ತಿಗೆ ಕ್ಯಾಸೆಟ್ಟುಗಳೆಲ್ಲ ಇಂಟರ್‌ನೆಟ್ ಆರ್ಕೈವ್ ಸೇರಿದ್ದವು. ತಂಡದ ವ್ಯವಹಾರ ನೋಡುವವರಿಗೆ ಸ್ವಂತವಾಗಿ ಮಾರುವ ಆಸೆ. ಇಳಿಸಿಕೊಳ್ಳುವುದನ್ನು ನಿಲ್ಲಿಸಿ ಎಂದು ಆರ್ಕೈವ್‌ಗೆ ಸೂಚನೆ ಹೋಯಿತು. ಅಭಿಮಾನಿಗಳು ಉರಿದೆದ್ದರು. ತನಗೆ ಇದು ಗೊತ್ತೇ ಇರಲಿಲ್ಲ ಎಂದ ಬಾಸ್ ವಾದಕ ಫಿಲ್ ಲೆಶ್. ಕೆಲವೇ ದಿನಗಳಲ್ಲಿ ಸಂಧಾನ: ಸಭಿಕರು ಮುದ್ರಿಸಿದ್ದನ್ನು ಎಂದಿನಂತೆ ಇಳಿಸಿಕೊಳ್ಳಬಹುದು, ತಂಡದ ಸೌಂಡ್‌ಬೋರ್ಡಿನಿಂದ ಬಂದದ್ದನ್ನು ಕೇಳಬಹುದು ಮಾತ್ರ. ಕಾನೂನು ಬರೆಯುವವರು ಈ ಒಪ್ಪಂದವನ್ನು ಗಮನಿಸಬೇಕಿತ್ತು. ಎರಡು ಬಗೆಯ ಧ್ವನಿಮುದ್ರಣಕ್ಕೆ ಎರಡು ನಿಯಮ, ಕೋರ್ಟಿಲ್ಲದೆ, ಕೆಲವೇ ದಿನಗಳಲ್ಲಿ ಇತ್ಯರ್ಥ.

ಮೆಟಾಲಿಕಾ ಹಿಡಿದ ದಾರಿ ಬೇರೆ. ಈ ತಂಡ ಮೊದಲ ಆಲ್ಬಮ್ಮಿಗೂ ಮುನ್ನ, 1982ರಲ್ಲಿ ಮಾಡಿದ ‘ನೋ ಲೈಫ್ ಟಿಲ್ ಲೆದರ್’ ಎಂಬ ಪ್ರಯೋಗ ಕ್ಯಾಸೆಟ್ಟು ಅಭಿಮಾನಿಗಳ ಕೈಯಿಂದ ಕೈಗೆ ನಕಲಾಗಿ ಕಡಲು ದಾಟಿ ಹೋಗಿ ಹೆಸರು ತಂದುಕೊಟ್ಟಿತ್ತು. 2000ದ ಏಪ್ರಿಲಿನಲ್ಲಿ ಇದೇ ತಂಡ, ಬಳಕೆದಾರರು ಅಂತರಜಾಲದಲ್ಲಿ ಹಾಡು ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಸೇವೆಯ ಮೇಲೆ ದಾವೆ ಹೂಡಿತು. ಕಾರಣ ಅಸಂಗತವಲ್ಲ: ‘ಐ ಡಿಸಪಿಯರ್’ ಹಾಡು ಇನ್ನೂ ಮುಗಿಯದ ರೂಪದಲ್ಲೇ ಸೋರಿ ಹೋಗಿ ರೇಡಿಯೊದಲ್ಲಿ ಬರತೊಡಗಿತ್ತು. ಯಾವ ಕಲಾವಿದನಿಗೂ ಸಿಟ್ಟು ಬರುವ ಮಾತು, ತಂಡದ ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಅಷ್ಟರ ಮಟ್ಟಿಗೆ ಸರಿ. ಆದರೆ ಮೇ ತಿಂಗಳಲ್ಲಿ 3,35,435 ಬಳಕೆದಾರರ ಹೆಸರಿನ ಪಟ್ಟಿಯನ್ನು ಹೊತ್ತು ನ್ಯಾಪ್‌ಸ್ಟರ್ ಕಚೇರಿಗೆ ಹೋಗಿ, ಇವರನ್ನೆಲ್ಲ ಹೊರಹಾಕಿ ಎಂದು ಕೇಳಿದಾಗ, ಸೋರಿಕೆ ಮಾಡಿದವನಿಗೂ ಹಳೆಯ ಹಾಡೊಂದನ್ನು ಗೆಳೆಯನಿಗೆ ಕಳಿಸಿದವನಿಗೂ ವ್ಯತ್ಯಾಸವೇ ಉಳಿಯಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಈ ವಿವಾದದ ರೋಗವೇ ಅದು: ಎಲ್ಲರಿಗೂ ಒಂದೇ ಹಗ್ಗ.

ನ್ಯಾಪ್‌ಸ್ಟರ್ 2001ರಲ್ಲಿ ಬಾಗಿಲು ಮುಚ್ಚಿತು. 2003ರಿಂದ 2008ರವರೆಗೆ ಅಮೆರಿಕದ ಕಂಪನಿಗಳ ಒಕ್ಕೂಟ ಸುಮಾರು 35,000 ಸಾಮಾನ್ಯ ಜನರ ಬೆನ್ನು ಹತ್ತಿತು. ಮಿನೆಸೋಟದ ಒಬ್ಬ ತಾಯಿಗೆ 24 ಹಾಡುಗಳಿಗಾಗಿ 2009ರಲ್ಲಿ ಜ್ಯೂರಿ ವಿಧಿಸಿದ ಪರಿಹಾರ 19.2 ಲಕ್ಷ ಡಾಲರ್, ಹಾಡೊಂದಕ್ಕೆ 80,000. ಮೇಲಿನ ಕೋರ್ಟುಗಳಲ್ಲಿ ಅದು ಇಳಿದು 2,22,000ಕ್ಕೆ ನಿಂತಿತು. ಇಷ್ಟೆಲ್ಲ ಮಾಡಿ ಹಂಚುವುದು ನಿಂತಿತೇ? ಇಲ್ಲ. ಇದ್ದದ್ದೆಲ್ಲ ಒಂದೇ ಕಡೆ ಸಿಗಬೇಕು ಎಂಬ ನ್ಯಾಪ್‌ಸ್ಟರ್ ಕಲಿಸಿದ ಚಟವನ್ನೇ ಬಂಡವಾಳ ಮಾಡಿಕೊಂಡು ಸ್ಟ್ರೀಮಿಂಗ್ ಉದ್ಯಮ ಎದ್ದು ನಿಂತಿತು. ಅದರಿಂದ ಇವತ್ತು ಎಲ್ಲರಿಗಿಂತ ಹೆಚ್ಚು ಲಾಭ ಎಣಿಸುತ್ತಿರುವುದು ಅದೇ ಕಂಪನಿಗಳು.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿತು, ಭಾರತದಲ್ಲಿ ಅದರ ಮೊದಲ ಕಛೇರಿ. ಸಾವಿರಾರು ಜನ ಸಾಲು ಸಾಲನ್ನೂ ಬಾಯಿಪಾಠ ಹಾಡಿದರು. ಅಷ್ಟು ಹುಡುಗರಿಗೆ ಆ ಸಾಲುಗಳು ಬಂದದ್ದೆಲ್ಲಿಂದ? ನಕಲು ಕ್ಯಾಸೆಟ್ಟಿನಿಂದ, ಗೆಳೆಯ ಬರೆದುಕೊಟ್ಟ ಸಿ.ಡಿ.ಯಿಂದ, ಎಂಜಿನಿಯರಿಂಗ್ ಕಾಲೇಜು ಹಾಸ್ಟೆಲಿನ ಜಾಲದಲ್ಲಿ ರಾತ್ರಿಯೆಲ್ಲ ಓಡುತ್ತಿದ್ದ, ಕಡತ ಹಂಚುವ ಡಿಸಿ ಪ್ಲಸ್ ಪ್ಲಸ್‌ನಿಂದ. ಆ ತಲೆಮಾರಿನ ಯಾರನ್ನಾದರೂ ಕೇಳಿ. ಅವರೆಲ್ಲ ಆ 3,35,435ರ ಬಂಧುಗಳೇ. ಟಿಕೆಟ್ಟು ಕೊಂಡವರೂ ಅವರೇ.

ಕಂಪನಿಗಳಿಗೆ ಈ ಸಂಗೀತದ ಬೆಲೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಹಕ್ಕು ಕೈಜಾರುವ ಹೊತ್ತಿಗೆ ಚೆನ್ನಾಗಿ ಗೊತ್ತಾಗುತ್ತದೆ. ಯೂರೋಪಿನಲ್ಲಿ ಧ್ವನಿಮುದ್ರಣದ ಹಕ್ಕನ್ನು 50 ವರ್ಷದಿಂದ 70ಕ್ಕೆ ಏರಿಸುವ ನಿಯಮ 2011ರಲ್ಲಿ ಬಂತು. ಆದರೆ 50 ವರ್ಷದೊಳಗೆ ಪ್ರಕಟವಾಗದೆ ಕಪಾಟಿನಲ್ಲೇ ಉಳಿದದ್ದಕ್ಕೆ ಆ ವಿಸ್ತರಣೆ ಇಲ್ಲ. 2012ರ ಕೊನೆಗೆ ಬಾಬ್ ಡಿಲನ್‌ನ 1962ರ ಅಪ್ರಕಟಿತ ಮುದ್ರಣಗಳಿಗೆ ಆ ಗಡುವು ಬಂದು ನಿಂತಿತು. ಸೋನಿ ಕಂಪನಿ ಏನು ಮಾಡಿತು ಗೊತ್ತೇ? ಅವನ್ನೆಲ್ಲ ಸಿ.ಡಿ.ಗೆ ಹಾಕಿ, ಸುಮಾರು 100 ಪ್ರತಿ ಮಾಡಿ, ಯೂರೋಪಿನ ಕೆಲವು ಅಂಗಡಿಗಳಲ್ಲಿ ಇಟ್ಟು ‘ಪ್ರಕಟಿಸಿದೆವು’ ಎಂದಿತು. ಸಂಕಲನದ ಉಪಶೀರ್ಷಿಕೆಯಲ್ಲೇ ಇದು ಹಕ್ಕುಸ್ವಾಮ್ಯ ವಿಸ್ತರಣೆಯ ಸಂಗ್ರಹ ಎಂದು ನಾಚಿಕೆಯಿಲ್ಲದೆ ಅಚ್ಚು ಹಾಕಿತ್ತು. ಡಿಲನ್‌ನನ್ನು ಕೇಳುವ ಲಕ್ಷಾಂತರ ಜನಕ್ಕೆ ನೂರು ಪ್ರತಿ! ಮರುವರ್ಷ ಡಿಸೆಂಬರಿನಲ್ಲಿ ಬೀಟಲ್ಸ್‌ನ 1963ರ 59 ಮುದ್ರಣಗಳು ಹೆಚ್ಚು ಸದ್ದಿಲ್ಲದೆ ಐಟ್ಯೂನ್ಸಿಗೆ ಬಂದವು. ಅವುಗಳಲ್ಲಿ ಹೆಚ್ಚಿನವು ಬೂಟ್‌ಲೆಗ್, ಅಂದರೆ ಅನಧಿಕೃತ ಪ್ರತಿಗಳ ರೂಪದಲ್ಲಿ ಅಭಿಮಾನಿಗಳ ಮನೆಗಳಲ್ಲಿ ದಶಕಗಳಿಂದ ಇದ್ದವು. ಸಂಕಲನಕ್ಕೆ ಕಂಪನಿ ಇಟ್ಟ ಹೆಸರೂ ‘ಬೂಟ್‌ಲೆಗ್ ರೆಕಾರ್ಡಿಂಗ್ಸ್ 1963’. ತಾನು ಕಳ್ಳರೆಂದು ಬೈದವರ ಕೈಯಿಂದಲೇ ಹೆಸರು ಕದ್ದ ಚಮತ್ಕಾರ ಇದು.

ಈಗ ಎಲ್ಲವೂ ಸ್ಟ್ರೀಮಿಂಗಿನಲ್ಲಿದೆಯಲ್ಲ, ಇನ್ನೇನು ತಕರಾರು ಎನ್ನುವವರಿದ್ದಾರೆ. ಅವರಿಗೆ ನಮ್ಮೂರಿನದೇ ಒಂದು ಆಲ್ಬಮ್ಮಿನ ಉದಾಹರಣೆ ಕೊಡುತ್ತೇನೆ. ಚಾರ್ಲಿ ಮರಿಯಾನೊ ಅಮೆರಿಕದ ಸ್ಯಾಕ್ಸೊಫೋನ್ ವಾದಕ, ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದವರು, ನಾಗಸ್ವರ ಕಲಿತವರು. ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ತಾಳವಾದ್ಯ ಕಾಲೇಜಿನ ಬಳಗ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರೊಡನೆ ಸೇರಿ 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಗೆ ‘ಜ್ಯೋತಿ’ ಎಂಬ ಆಲ್ಬಮ್ ಮಾಡಿದರು. ನನ್ನ ಮಟ್ಟಿಗೆ ಜಾಝ್ ಮತ್ತು ಕರ್ನಾಟಕ ಸಂಗೀತದ ಕೂಡುವಿಕೆಯಲ್ಲಿ ಇಷ್ಟು ನಿರಾಡಂಬರವಾದದ್ದು ಇನ್ನೊಂದಿಲ್ಲ. ಯಾರೂ ಯಾರನ್ನೂ ಮೆಚ್ಚಿಸಲು ಹೊರಟಿಲ್ಲ. ಇಸಿಎಂ ತನ್ನ ಸಂಗೀತವನ್ನು ಯಾವ ಸ್ಟ್ರೀಮಿಂಗ್ ಸೇವೆಗೂ ಕೊಡುತ್ತಿರಲಿಲ್ಲ. 2017ರ ನವೆಂಬರ್ 17ರ ತನಕ ಪ್ಲೇಟು ಇಲ್ಲವೇ ಸಿ.ಡಿ. ಹುಡುಕಬೇಕಿತ್ತು, ಅಥವಾ ಯಾರೋ ಪುಣ್ಯಾತ್ಮ ಎತ್ತಿ ಹಾಕಿದ್ದನ್ನು ಕೇಳಬೇಕಿತ್ತು. ಕೊನೆಗೆ ಇಸಿಎಂ ಮನಸ್ಸು ಬದಲಿಸಿದ್ದೇಕೆ? ಅನುಮತಿಯಿಲ್ಲದೆ ವಿಡಿಯೊ ತಾಣಗಳಲ್ಲಿ ತನ್ನ ಸಂಗೀತ ಹರಿದಾಡುತ್ತಿರುವುದನ್ನೂ ಒಂದು ಕಾರಣವಾಗಿ ಸಂಸ್ಥೆಯೇ ಕೊಟ್ಟಿತು. ಸಂಗೀತ ಜನರನ್ನು ತಲುಪುವುದೇ ಮೊದಲ ಆದ್ಯತೆ ಎಂದೂ ಹೇಳಿತು. ಅಂದರೆ ಇವತ್ತು ಬೆಂಗಳೂರಿನ ಹುಡುಗಿಯೊಬ್ಬಳು ರಮಾಮಣಿಯವರ ಆ ದನಿಯನ್ನು ಕಾನೂನುಬದ್ಧವಾಗಿ ಕೇಳುತ್ತಿದ್ದರೆ, ಅದರ ಹಿಂದೆ ಕಾನೂನು ಮುರಿದವರ ಒತ್ತಡವೂ ಇದೆ.

ಮತ್ತೆ, ಸ್ಟ್ರೀಮಿಂಗ್ ಎಂದರೆ ಕಲಾವಿದನಿಗೆ ಹಣ ಎಂಬುದು ಕೂಡ ಅರ್ಧ ಸತ್ಯ. 2024ರಿಂದ ಸ್ಪಾಟಿಫೈನಲ್ಲಿ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಧನವೇ ಇಲ್ಲ. ನೀವು ಚಂದಾ ಕಟ್ಟಿ, ಜಾಹೀರಾತಿಲ್ಲದೆ, ನ್ಯಾಯವಾಗಿ ಕೇಳಿದರೂ ಸಣ್ಣ ಜಾಝ್ ವಾದಕನಿಗೆ ಒಂದು ಪೈಸೆ ಹೋಗದೆ ಇರಬಹುದು. ಇನ್ನು ‘ಓದುವಾಗ ಕೇಳಲು ಜಾಝ್’ ಎಂಬಂಥ ಪಟ್ಟಿಗಳಲ್ಲಿ ನಿಜವಾದ ವಾದಕರ ಜಾಗಕ್ಕೆ ಅಗ್ಗದಲ್ಲಿ ಮಾಡಿಸಿದ, ಸುಳ್ಳು ಹೆಸರಿನ ಸಂಗೀತವನ್ನು ತುಂಬಿದ ಬಗೆಯನ್ನು ಪತ್ರಕರ್ತೆ ಲಿಜ್ ಪೆಲ್ಲಿ ವಿವರವಾಗಿ ಬರೆದಿದ್ದಾರೆ. 2025ರ ಬೇಸಿಗೆಯಲ್ಲಿ ‘ವೆಲ್ವೆಟ್ ಸನ್‌ಡೌನ್’ ಎಂಬ ರಾಕ್ ತಂಡ ಎಲ್ಲಿಂದಲೋ ಬಂದು ಅದೇ ತಾಣದಲ್ಲಿ ತಿಂಗಳಿಗೆ ಹತ್ತು ಲಕ್ಷ ಕೇಳುಗರನ್ನು ದಾಟಿತು. ಆಮೇಲೆ ನೋಡಿದರೆ ತಂಡದಲ್ಲಿ ಮನುಷ್ಯರೇ ಇಲ್ಲ, ಎಲ್ಲ ಕೃತಕ ಬುದ್ಧಿಮತ್ತೆಯ ಕೈಚಳಕ. ಯಂತ್ರ ಯಂತ್ರದ ಹಾಡನ್ನು ಮನುಷ್ಯನಿಗೆ ಶಿಫಾರಸು ಮಾಡುವ ಇಂಥ ಹೊತ್ತಿನಲ್ಲಿ, ಮೂರನೇ ನಿಮಿಷದ ತನಕ ತಾಳು ಎಂದು ಬರೆಯುವ ಹುಚ್ಚನ ಮಾತಿಗೆ ಬೆಲೆ ಹೆಚ್ಚು. ಆದರೆ ಆ ಕೊಂಡಿಯನ್ನೇ ಮೊದಲು ಕತ್ತರಿಸುತ್ತಾರೆ. ಸಂಗೀತದ ಮೇಷ್ಟ್ರಂತೆ ಹಾಡನ್ನು ಬಿಡಿಸಿ ವಿವರಿಸುವ ರಿಕ್ ಬಿಯಾಟೊ ಅವರ ಯೂಟ್ಯೂಬ್ ವಿಡಿಯೊಗಳಲ್ಲಿ ಕೆಲವೇ ಸೆಕೆಂಡಿನ ತುಣುಕಿಗೂ ಹಕ್ಕಿನ ನೋಟಿಸು ಬರುತ್ತದೆ. 2020ರ ಜುಲೈನಲ್ಲಿ ಅವರು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹೋಗಿ ಇದನ್ನೇ ಹೇಳಿ ಬಂದರು. ನೋಟಿಸುಗಳು ನಿಂತಿಲ್ಲ.

ನನಗೆ ನಿಜವಾಗಿ ಇರುಸುಮುರುಸು ತರುವ ಆಕ್ಷೇಪ ಒಂದೇ: ಕಲಾವಿದನ ಒಪ್ಪಿಗೆ. ಮನೋಧರ್ಮದ ಸಂಗೀತದಲ್ಲಿ ಕೆಟ್ಟ ರಾತ್ರಿಗಳಿರುತ್ತವೆ. ಆ ರಾತ್ರಿ ಅಲ್ಲಿದ್ದವರಿಗಷ್ಟೇ ಸೇರಬೇಕು, ಲೋಕಕ್ಕೆಲ್ಲ ಅಲ್ಲ ಎಂದು ವಾದಕ ಬಯಸಿದರೆ ಅದು ನ್ಯಾಯ. ಪಿಯಾನೊ ವಾದಕ ಕೀತ್ ಜಾರೆಟ್ 2007ರಲ್ಲಿ ಇಟಲಿಯ ಪೆರೂಜಾದಲ್ಲಿ ಕ್ಯಾಮೆರಾ ಎತ್ತಿದ ಸಭಿಕರ ಮೇಲೆ ವೇದಿಕೆಯಿಂದಲೇ ಬೈಗುಳ ಸುರಿಸಿ ಹಗರಣವಾಯಿತು. ಬಳಸಿದ ಮಾತು ಸರಿಯಲ್ಲ, ಸಿಟ್ಟು ಸರಿ. ಕಲಾವಿದ ಬೇಡ ಎಂದರೆ ಬೇಡ. ಹಾಕಿದ್ದರೆ ತೆಗೆಯಬೇಕು, ಚರ್ಚೆಯಿಲ್ಲ. ನಮ್ಮಲ್ಲೂ ಕರ್ನಾಟಕ ಸಂಗೀತದ ರಸಿಕರು ಸಭೆಗಳ ಕಛೇರಿ ಮುದ್ರಣಗಳನ್ನು ವರ್ಷಗಳಿಂದ ಹಂಚಿಕೊಳ್ಳುತ್ತ ಬಂದಿದ್ದಾರೆ. ಸಂಗೀತಪ್ರಿಯದಂಥ ಬಳಗ ಇಟ್ಟುಕೊಂಡ ನಿಯಮವೂ ಇಂಥದ್ದೇ: ಮಾರಾಟದಲ್ಲಿರುವ ಮುದ್ರಣ ಇಲ್ಲಿ ಬೇಡ, ಇಲ್ಲಿಂದ ಪಡೆದದ್ದನ್ನು ಮಾರುವುದೂ ಬೇಡ.

ಆದರೆ ಒಪ್ಪಿಗೆಯ ಮಾತನ್ನು ಕಂಪನಿಗಳ ಬಾಯಿಂದ ಕೇಳಿದರೆ ನಗು ಬರುತ್ತದೆ. 1946ರ ಜುಲೈ 29ರಂದು ಚಾರ್ಲಿ ಪಾರ್ಕರ್ ನಿಲ್ಲಲೂ ಆಗದ ಸ್ಥಿತಿಯಲ್ಲಿ ‘ಲವರ್ ಮ್ಯಾನ್’ ನುಡಿಸಿದ. ಅದೇ ರಾತ್ರಿ ಆತನನ್ನು ಪೊಲೀಸರು ಹಿಡಿದರು, ಅಲ್ಲಿಂದ ಮಾನಸಿಕ ಆಸ್ಪತ್ರೆಗೆ. ಆ ಮುದ್ರಣವನ್ನು ಡಯಲ್ ಕಂಪನಿ ಬಿಡುಗಡೆ ಮಾಡಿತು, ಪಾರ್ಕರ್ ಅದನ್ನು ಎಂದೂ ಕ್ಷಮಿಸಲಿಲ್ಲ. ಅದೇ ಪಾರ್ಕರನ ಉತ್ತಮ ಗಳಿಗೆಗಳನ್ನು ಹುಡುಕಿ ಹುಡುಕಿ ಹಿಡಿದಿಟ್ಟವನು ಬೆನೆಡೆಟ್ಟಿ.  ಹಕ್ಕು ಒಬ್ಬನಿಗಿತ್ತು, ಪ್ರೀತಿ ಇನ್ನೊಬ್ಬನಿಗೆ.

ಇನ್ನು ಬೂಟ್‌ಲೆಗ್ ಅಚ್ಚು ಹಾಕಿ ದುಡ್ಡು ಮಾಡುವವರು. ಅವರ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಅಭಿಮಾನಿ ಪುಕ್ಕಟೆ ಕೊಟ್ಟದ್ದನ್ನು ಎತ್ತಿಕೊಂಡು ಹೋಗಿ ಮಾರುವವನು ಕಲಾವಿದನಿಗೂ ದ್ರೋಹಿ, ಅಭಿಮಾನಿಗೂ ದ್ರೋಹಿ.

ಕಾನೂನಿನಲ್ಲಿ ಇದಕ್ಕೆ ದಾರಿ ಇಲ್ಲವೆಂದಲ್ಲ. ಯೂರೋಪಿನ ಅದೇ 2011ರ ನಿಯಮದಲ್ಲಿ ಒಂದು ಒಳ್ಳೆಯ ಕಲಮು ಸೇರಿಕೊಂಡಿದೆ: ಪ್ರಕಟವಾಗಿ 50 ವರ್ಷ ಕಳೆದ ಮುದ್ರಣವನ್ನು ಕಂಪನಿ ಮಾರಾಟಕ್ಕೂ ಇಡದೆ, ಅಂತರಜಾಲದಲ್ಲೂ ಇಡದೆ ಇದ್ದರೆ, ಹಾಡಿದವರು ನೋಟಿಸು ಕೊಡಬಹುದು. ಒಂದು ವರ್ಷದೊಳಗೆ ಕಂಪನಿ ಎಚ್ಚೆತ್ತುಕೊಳ್ಳದಿದ್ದರೆ ಅದರ ಹಕ್ಕು ಹೋಯಿತು. ತತ್ತ್ವ ಸರಿ, ಆದರೆ 50 ವರ್ಷ ಕಾದು, ಬದುಕಿದ್ದು, ವಕೀಲರನ್ನಿಟ್ಟು ನೋಟಿಸು ಕೊಡುವ ಡ್ರಮ್ ವಾದಕ ಎಷ್ಟು ಜನ? ಅಮೆರಿಕದಲ್ಲಿ ಅವಧಿ ಇನ್ನೂ ಉದ್ದ. 2018ರ ಕಾಯಿದೆಯ ಪ್ರಕಾರ 1957ರಿಂದ 1972ರ ಫೆಬ್ರುವರಿ ಮಧ್ಯದವರೆಗಿನ ಮುದ್ರಣಗಳ ರಕ್ಷಣೆ ಮುಗಿಯುವುದು 2067ರ ಫೆಬ್ರುವರಿ 15ಕ್ಕೆ. ರಾಕ್ ಸಂಗೀತದ ಮೊದಲ ಇಡೀ ಯುಗ ಮತ್ತು ಆಧುನಿಕ ಜಾಝ್‌ನ ಬಂಗಾರದ ವರ್ಷಗಳು ಅದರೊಳಗೆ ಬಂದವು. ಮಾರಾಟದಲ್ಲಿರುವುದಕ್ಕೂ ಅಷ್ಟೇ ಅವಧಿ, ಯಾರೂ ನೆನಪಿಟ್ಟುಕೊಳ್ಳದೆ ಉಗ್ರಾಣದಲ್ಲಿ ಬಿದ್ದದ್ದಕ್ಕೂ ಅಷ್ಟೇ ಅವಧಿ.

ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆ ಇದಕ್ಕಿಂತ ವಿವೇಕದ್ದು. ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ. ಅದಕ್ಕಿಂತ ಮುಖ್ಯ 31ನೆಯ ಕಲಮು: ಒಂದು ಕೃತಿಯನ್ನು ಮರುಪ್ರಕಟಿಸಲು ಹಕ್ಕುದಾರ ನಿರಾಕರಿಸಿ, ಅದರಿಂದ ಕೃತಿ ಜನರ ಕೈಗೆ ಸಿಗದಂತಾದರೆ, ಬೇರೆಯವರಿಗೆ ಕಡ್ಡಾಯ ಪರವಾನಗಿ ಕೊಡಿಸಬಹುದು. ಮೊದಲು ಭಾರತೀಯ ಕೃತಿಗಳಿಗಷ್ಟೇ ಇದ್ದ ಈ ಅವಕಾಶವನ್ನು 2012ರ ತಿದ್ದುಪಡಿ ಎಲ್ಲ ಕೃತಿಗಳಿಗೂ ವಿಸ್ತರಿಸಿತು. ಮುಚ್ಚಿಡುವುದು ಹಕ್ಕಲ್ಲ ಎಂಬ ಮಾತು ನಮ್ಮ ಕಾಯಿದೆಯಲ್ಲಿ ಆಗಲೇ ಇದೆ ಎಂದರ್ಥ. ತೊಡಕು ಒಂದೇ, ಅದು ಪ್ರಕಾಶಕನಿಗಾಗಿ ಬರೆದ ಕಲಮು. ಒಂದು ಹಳೆಯ ಹಾಡನ್ನು ಹಂಚಿಕೊಳ್ಳಲು ಯಾರೂ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಹಂಚಿದವನು ತಾನು ನಿರಪರಾಧಿ ಎಂದು ಸಾಬೀತುಮಾಡಬೇಕಾದ ಈಗಿನ ಪದ್ಧತಿಯನ್ನು ತಲೆಕೆಳಗು ಮಾಡಿದರೆ ಮುಕ್ಕಾಲು ಪಾಲು ಜಗಳ ಇಲ್ಲೇ ಮುಗಿಯುತ್ತದೆ.

ಅದಕ್ಕೆ ಹೊಸ ಕಾಯಿದೆಯೂ ಬೇಡ, ದೊಡ್ಡ ಆಯೋಗವೂ ಬೇಡ. ಹಾಡನ್ನು ತೆಗೆಸಲು ಕಂಪನಿಗಳು ಯೂಟ್ಯೂಬಿಗೂ ಆರ್ಕೈವ್‌ಗೂ ಕಳಿಸುವ ನೋಟಿಸಿನ ನಮೂನೆಯಲ್ಲಿ ಹೆಸರು, ವಿಳಾಸ, ಹಕ್ಕಿನ ವಿವರ ತುಂಬುವ ಜಾಗಗಳಿವೆ. ಜೊತೆಗೆ ಇನ್ನೊಂದು ಜಾಗ ಸೇರಿಸಲಿ: ಈ ಧ್ವನಿಮುದ್ರಣ ಇವತ್ತು ಎಲ್ಲಿ, ಎಷ್ಟು ಬೆಲೆಗೆ ಸಿಗುತ್ತದೆ? ಆ ಜಾಗ ಖಾಲಿ ಬಿಟ್ಟ ನೋಟಿಸನ್ನು ಓದದೆ ಹರಿದುಹಾಕುವ ಅಧಿಕಾರ ತಾಣಗಳಿಗೆ ಸಿಗಲಿ.